ಡ್ರಿಪ್ ಟ್ಯೂಬಿನಲ್ಲಿ ಹಿಸ್ಟೋನ್ ಪಾಠ: ಕೊಪ್ಪಳದ ಪಿಯು ಲ್ಯಾಬಿನಿಂದ

ದ್ವಿತೀಯ ಪಿಯು ಬಯಾಲಜಿಯಲ್ಲಿ ಡಿಎನ್‌ಎ ಪ್ಯಾಕಿಂಗ್ ಅನ್ನೋದು ಸಣ್ಣ ಭಾಗ. ಅರ್ಧ ಪುಟ, ಒಂದು ಚಿತ್ರ. ಎಂಟು ಹಿಸ್ಟೋನ್ ಪ್ರೋಟೀನು ಸೇರಿ ಒಂದು ಗುಂಪು, ಅದರ ಸುತ್ತ ಡಿಎನ್‌ಎ, ಒಟ್ಟು ಸೇರಿದರೆ ನ್ಯೂಕ್ಲಿಯೋಸೋಮ್. ಮಕ್ಕಳು ಚಿತ್ರ ಚೆನ್ನಾಗಿಯೇ ಬಿಡಿಸುತ್ತಾರೆ, ಮಾರ್ಕ್ಸೂ ತಗೋತಾರೆ. "ಡಿಎನ್‌ಎ ಯಾಕೆ ಸುತ್ತಿಕೊಂಡು ಕೂರುತ್ತೆ? ಬಿಚ್ಚಿಕೊಳ್ಳದ ಹಾಗೆ ಹಿಡಿದಿರೋದು ಯಾವುದು? ಬೇಕಾದಾಗ ಬಿಚ್ಚೋದು ಹೇಗೆ?" ಅಂತ ಕೇಳಿದರೆ ಮಾತ್ರ ಕ್ಲಾಸಿಗೆ ಕ್ಲಾಸೇ ಗಪ್‌ಚುಪ್. ಮೂರನೇ ಪ್ರಶ್ನೆಯೇ ನನಗೆ ಮುಖ್ಯ. ಪ್ಯಾಕಿಂಗ್ ಅಂದರೆ ಬರೀ ಜಾಗ ಉಳಿಸೋದು ಅಂತ ಕಲಿತು ಹೋದರೆ ಪಾಠ ಅರ್ಧವೇ ಆಯಿತು. ಹಾಗಾಗಿ ನಾನು ಇದನ್ನು ಬೋರ್ಡಿನ ಮೇಲೆ ಬಿಡಿಸುವುದು ಕಡಿಮೆ, ಕೈಯಲ್ಲಿ ಮಾಡಿಸುವುದು ಜಾಸ್ತಿ.

ಮೊದಲು ಲೆಕ್ಕ. ಮನುಷ್ಯನ ಒಂದು ಕೋಶದಲ್ಲಿ ಸುಮಾರು 6.6 ಶತಕೋಟಿ ಬೇಸ್ ಜೋಡಿ, ಅಂದರೆ ಡಿಎನ್‌ಎ ಏಣಿಯ ಮೆಟ್ಟಿಲು, ಅಂತ ಪುಸ್ತಕ ಹೇಳುತ್ತದೆ. ಒಂದೊಂದು ಜೋಡಿಗೆ 0.34 ನ್ಯಾನೋಮೀಟರ್. ಗುಣಿಸಿದರೆ 2.2 ಮೀಟರ್. ಇದು ಹೋಗಿ ಕೂರಬೇಕಾದ ಕೋಶಕೇಂದ್ರದ ಅಗಲ ಹೆಚ್ಚುಕಡಿಮೆ 6ರಿಂದ 10 ಮೈಕ್ರೋಮೀಟರ್. ಈ ಲೆಕ್ಕ ಮಕ್ಕಳಿಗೆ ಹಾಕಲಿಕ್ಕೆ ಬರುತ್ತದೆ, ಆದರೆ ನ್ಯಾನೋಮೀಟರ್ ಅನ್ನೋದು ಯಾರ ಕಣ್ಣಿಗೂ ಕಾಣದ ಅಳತೆ. ಅದಕ್ಕೇ ಎಲ್ಲವನ್ನೂ ಮೂವತ್ತು ಲಕ್ಷ ಪಟ್ಟು ದೊಡ್ಡದು ಮಾಡುತ್ತೇವೆ. ಆಗ 2 ನ್ಯಾನೋಮೀಟರ್ ದಪ್ಪದ ಡಿಎನ್‌ಎ 6 ಮಿಲಿಮೀಟರ್ ದಪ್ಪ ಆಗುತ್ತದೆ.

6 ಮಿಲಿಮೀಟರ್ ದಪ್ಪದ ಉದ್ದನೆ ವಸ್ತು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ: ಡ್ರಿಪ್‌ನ ಮೈಕ್ರೋ ಟ್ಯೂಬು. ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಿಂದ ಬರುವ ಮಕ್ಕಳು ಉಳಿದ ತುಂಡುಗಳನ್ನು ತಂದುಕೊಡುತ್ತಾರೆ. ಹಗ್ಗ, ಉಲ್ಲನ್ ದಾರ ಬಳಸುವವರೂ ಇದ್ದಾರೆ. ನನಗೆ ಅದು ಸೇರುವುದಿಲ್ಲ. ದಾರ ಮೆತ್ತಗಿರುತ್ತದೆ, ಹೇಗೆ ಸುತ್ತಿದರೂ ಸುಮ್ನೆ ಕೂರುತ್ತದೆ. ಡಿಎನ್‌ಎ ಅಷ್ಟು ಮೆತ್ತಗಿಲ್ಲ. ಸುಮಾರು 150 ಬೇಸ್ ಜೋಡಿಯಷ್ಟು ಉದ್ದಕ್ಕೆ ಅದು ನೆಟ್ಟಗೇ ಇರಲು ನೋಡುತ್ತದೆ. ನ್ಯೂಕ್ಲಿಯೋಸೋಮಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಉದ್ದದ ತುಂಡು, ಅಂದರೆ 147 ಜೋಡಿ, ಒಂದೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಬಾಗಿ ಕೂತಿರುತ್ತದೆ. ಬಾಗಲು ಮನಸ್ಸಿಲ್ಲದ್ದನ್ನು ಬಾಗಿಸಿ ಹಿಡಿದಿದೆ ಅನ್ನೋದು ಗೊತ್ತಾಗಬೇಕಾದರೆ ಕೈಯಲ್ಲಿ ಚಿಮ್ಮುವ ವಸ್ತುವೇ ಬೇಕು.

ಹಿಸ್ಟೋನ್ ಗುಂಪಿಗೆ ವೈರಿಂಗಿನ 20 ಮಿಲಿಮೀಟರ್ ಪಿವಿಸಿ ಪೈಪು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಉದ್ದ ತಂದು, ಗರಗಸದಲ್ಲಿ ಒಂದೂವರೆ ಸೆಂಟಿಮೀಟರಿಗೆ ತುಸು ಜಾಸ್ತಿ ಎತ್ತರದ ತುಂಡು ಮಾಡಿಸುತ್ತೇನೆ. ಅಳತೆ ಚೆನ್ನಾಗಿ ಕೂಡುತ್ತದೆ. ಮೇಲೆ ರಟ್ಟಿನ ಬಿಲ್ಲೆ ಅಂಟಿಸಿ ನಾಲ್ಕು ಬಣ್ಣದಲ್ಲಿ ಎಂಟು ಮನೆ ಬರೆಯುತ್ತಾರೆ. ಹಿಸ್ಟೋನಿನ ನಾಲ್ಕು ಬಗೆ, ಎಚ್2ಎ, ಎಚ್2ಬಿ, ಎಚ್3, ಎಚ್4, ಒಂದೊಂದು ಎರಡು ಸಲ. ಕೋಶದಲ್ಲಿ ಎಚ್3 ಮತ್ತು ಎಚ್4 ಮೊದಲು ಬಂದು ಕೂರುತ್ತವೆ, ಉಳಿದೆರಡು ಆಮೇಲೆ. ಟ್ಯೂಬಿನ ಲೆಕ್ಕ ಹೀಗೆ: ಸುತ್ತುವ ಭಾಗ 15 ಸೆಂಟಿಮೀಟರ್, ನಡುವೆ ಬಿಡುವ ಜಾಗ 5 ಸೆಂಟಿಮೀಟರ್ ಆಸುಪಾಸು. ಒಂದು ನ್ಯೂಕ್ಲಿಯೋಸೋಮಿಗೆ ಒಟ್ಟು 20 ಸೆಂಟಿಮೀಟರ್, ಅಂದರೆ ಪುಸ್ತಕ ಹೇಳುವ 200 ಬೇಸ್ ಜೋಡಿ. ಹತ್ತು ಮೀಟರ್ ಟ್ಯೂಬಿಗೆ ಐವತ್ತು ತುಂಡು ಸಾಕು.

ಬೆಂಚಿನ ಮೇಲೆ ಇಟ್ಟು ಸುತ್ತಿ ಅಂದರೆ ಎಲ್ಲರೂ ಸುತ್ತುತ್ತಾರೆ, ಕೈ ಬಿಟ್ಟ ಕೂಡಲೇ ಟಪ್ ಅಂತ ಬಿಚ್ಚುತ್ತದೆ. "ಮೇಡಂ, ಇದು ನಿಲ್ಲವಲ್ದು ರೀ" ಅಂತ ಶುರುವಾಗುತ್ತದೆ. ಆ ಮಾತು ಬರಲಿ ಅಂತಲೇ ಕಾಯುತ್ತಿರುತ್ತೇನೆ. ಆಮೇಲೆ ಎರಡೂ ಕಡೆ ಅಂಟುವ ಟೇಪು ಕೊಡುತ್ತೇನೆ. ಪೈಪಿನ ಸುತ್ತ ಸಣ್ಣ ಸಣ್ಣ ಹದಿನಾಲ್ಕು ಚೂರು. ಹದಿನಾಲ್ಕು ಯಾಕೆ ಅಂದರೆ, ಡಿಎನ್‌ಎಯ ಕಿರಿಯ ಗೀರು (ಎರಡು ಎಳೆಗಳ ನಡುವಿನ ಕಿರಿದಾದ ತಗ್ಗು) ಒಳಮುಖ ಆದಲ್ಲೆಲ್ಲ ಹಿಸ್ಟೋನ್ ಅದನ್ನು ಮುಟ್ಟುತ್ತದೆ, ಅಂಥ ಜಾಗ ಹದಿನಾಲ್ಕು. 1997ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾರೊಲಿನ್ ಲೂಗರ್, ಟಿಮೊಥಿ ರಿಚ್‌ಮಂಡ್ ಮತ್ತು ಜೊತೆಗಾರರು ನ್ಯೂಕ್ಲಿಯೋಸೋಮನ್ನು ಹರಳು ಮಾಡಿ ಎಕ್ಸ್-ರೇ ಹಾಯಿಸಿ ಇದನ್ನು ವಿವರವಾಗಿ ತೋರಿಸಿದರು. ಒಂದೊಂದು ಹಿಡಿತವೂ ಬಲಹೀನ, ಹದಿನಾಲ್ಕೂ ಸೇರಿದರೆ ಟ್ಯೂಬು ಅಲ್ಲಾಡುವುದಿಲ್ಲ. ಎರಡು ಮೂರು ಚೂರು ಕಿತ್ತರೆ ತುದಿ ಮಾತ್ರ ಏಳುತ್ತದೆ. ನಿಜವಾದ ನ್ಯೂಕ್ಲಿಯೋಸೋಮೂ ಹಾಗೇ, ತುದಿಗಳಿಂದ ಆಗಾಗ ಉಸಿರಾಡಿದಂತೆ ಬಿಚ್ಚಿ ಮುಚ್ಚುತ್ತಿರುತ್ತದೆ.

ಟೇಪು ಇಲ್ಲಿ ಚಾರ್ಜಿನ ಬದಲಿಗೆ ಬಂದಿದ್ದು. ಡಿಎನ್‌ಎ ಬೆನ್ನೆಲುಬಿನ ತುಂಬ ಫಾಸ್ಫೇಟ್, ಅದು ನೆಗೆಟಿವ್. ಹಿಸ್ಟೋನಿನಲ್ಲಿ ಲೈಸಿನ್, ಆರ್ಜಿನಿನ್ ಅನ್ನುವ ಅಮೈನೋ ಆಸಿಡ್ ಜಾಸ್ತಿ, ಅವು ಪಾಸಿಟಿವ್. ಇಷ್ಟು ಪುಸ್ತಕದಲ್ಲೂ ಇದೆ.

ಸುತ್ತುವ ದಿಕ್ಕನ್ನೂ ನೋಡಬೇಕು. ಡಿಎನ್‌ಎ ಎಳೆಗಳು ತಮ್ಮೊಳಗೆ ಬಲಸುತ್ತು, ಹಿಸ್ಟೋನ್ ಮೇಲೆ ಕೂರುವುದು ಎಡಸುತ್ತು. ಮಾಮೂಲಿ ಸ್ಕ್ರೂ ಎಳೆಗೆ ಉಲ್ಟಾ ಅಂದರೆ ಬೇಗ ಹಿಡಿಯುತ್ತಾರೆ. ಎಚ್1 ಅನ್ನುವ ಇನ್ನೊಂದು ಹಿಸ್ಟೋನಿಗೆ ಒಂದು ರಬ್ಬರ್ ಬ್ಯಾಂಡು. ಅದು ಎಂಟರ ಗುಂಪಿಗೆ ಸೇರಿದ್ದಲ್ಲ, ಟ್ಯೂಬು ಒಳಗೆ ಬರುವ, ಹೊರಗೆ ಹೋಗುವ ಎರಡೂ ಕಾಲು ಸೇರಿಸಿ ಹೊರಗಿನಿಂದ ಹಾಕಬೇಕು. ಪರೀಕ್ಷೆಯಲ್ಲಿ ಎಚ್1 ಅನ್ನು ಎಂಟರಲ್ಲಿ ಸೇರಿಸಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಬ್ಯಾಂಡು ಹಾಕಿದವರು ಹಾಗೆ ಬರೆದಿದ್ದು ನಾನು ನೋಡಿಲ್ಲ.

ಈಗ ಬಿಚ್ಚುವ ಆಟ. ಪೇಪರಿನ ಚೂರು ಕೊಟ್ಟು ಟೇಪಿನ ಅಂಟು ಮುಚ್ಚಿ ಅನ್ನುತ್ತೇನೆ. ಮುಚ್ಚಿದಷ್ಟೂ ಟ್ಯೂಬು ಸಡಿಲ. ಕೋಶ ಇದನ್ನು ಅಸಿಟೈಲ್ ಗುಂಪು ಅನ್ನುವ ಸಣ್ಣ ರಾಸಾಯನಿಕ ತುಂಡು ಅಂಟಿಸಿ ಮಾಡುತ್ತದೆ. ಲೈಸಿನ್ ಮೇಲೆ ಅಸಿಟೈಲ್ ಕೂತರೆ ಪಾಸಿಟಿವ್ ಚಾರ್ಜ್ ಹೋಗುತ್ತದೆ. ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಇದಕ್ಕೂ ಜೀನು ಓದಿಕೊಳ್ಳುವುದಕ್ಕೂ ಸಂಬಂಧ ಇರಬೇಕು ಅಂದಿದ್ದರು. ಅದನ್ನು ಎಲ್ಲರೂ ಗಟ್ಟಿಯಾಗಿ ಒಪ್ಪಿದ್ದು 1996ರಲ್ಲಿ, ಡೇವಿಡ್ ಆಲಿಸ್ ತಂಡ ಈ ಕೆಲಸ ಮಾಡುವ ಕಿಣ್ವವನ್ನು ಹಿಡಿದ ಮೇಲೆ. ನಮ್ಮ ಮಾಡೆಲ್ಲು ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳುತ್ತದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ಅಸಿಟೈಲ್ ಹೆಚ್ಚಾಗಿ ಕೂರುವುದು ಗುಂಪಿನಿಂದ ಹೊರಗೆ ಚಾಚಿರುವ ಹಿಸ್ಟೋನ್ ಬಾಲಗಳ ಮೇಲೆ. ಆಗ ಮುಖ್ಯವಾಗಿ ಸಡಿಲವಾಗುವುದು ಒಂದು ನ್ಯೂಕ್ಲಿಯೋಸೋಮು ಪಕ್ಕದ್ದನ್ನು ಹಿಡಿದಿರುವ ಹಿಡಿತ. ಜೊತೆಗೆ ಆ ಗುರುತು ನೋಡಿ ಬೇರೆ ಪ್ರೋಟೀನುಗಳೂ ಬರುತ್ತವೆ.

ಇದೇ ಟ್ಯೂಬಿನಲ್ಲಿ ಒಂದು ನಿಜವಾದ ಜೀನು ಅಳೆಯಿರಿ ಅಂದರೆ ಪಾಠಕ್ಕೆ ಜೀವ ಬರುತ್ತದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನು ಸುಮಾರು 1,600 ಬೇಸ್ ಜೋಡಿ. ನಮ್ಮ ಅಳತೆಯಲ್ಲಿ ಒಂದೂವರೆ ಮೀಟರಿಗೆ ಸ್ವಲ್ಪ ಜಾಸ್ತಿ ಟ್ಯೂಬು, ಎಂಟು ತುಂಡು ಪೈಪು. ಅಷ್ಟೇ. ಈ ಎಂಟು ತುಂಡು ಚರ್ಮದ ಕೋಶದಲ್ಲೂ ಇವೆ, ಲಿವರಿನಲ್ಲೂ ಇವೆ, ಮೂಳೆ ಮಜ್ಜೆಯಲ್ಲಿ ರಕ್ತ ಆಗುತ್ತಿರುವ ಕೋಶದಲ್ಲೂ ಇವೆ. ಬಿಚ್ಚಿಕೊಳ್ಳುವುದು ಮಜ್ಜೆಯಲ್ಲಿ ಮಾತ್ರ. 1976ರಲ್ಲಿ ವೀನ್‌ಟ್ರಾಬ್ ಮತ್ತು ಗ್ರೌಡಿನ್ ಅನ್ನುವವರು ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಕೋಳಿಯ ಕೋಶಕೇಂದ್ರಕ್ಕೆ ಹಾಕಿ ನೋಡಿದರು. ರಕ್ತದ ಕೋಶಗಳಲ್ಲಿ ಗ್ಲೋಬಿನ್ ಜೀನು ಬೇಗ ತುಂಡಾಯಿತು, ಬೇರೆ ಕೋಶಗಳಲ್ಲಿ ಅಷ್ಟು ಸುಲಭವಾಗಿ ಆಗಲಿಲ್ಲ. ಕತ್ತರಿ ಹೋಗುವಷ್ಟು ಜಾಗ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಕೋಳಿ ಅಂದೆನಲ್ಲ. ಹಿಸ್ಟೋನ್ ಕಥೆ ಶುರುವಾಗುವುದೇ ಹಕ್ಕಿಯ ರಕ್ತದಿಂದ. 1884ರಲ್ಲಿ ಜರ್ಮನಿಯ ಆಲ್‌ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ಕೆಂಪು ರಕ್ತಕಣಗಳಿಂದ ಕೋಶಕೇಂದ್ರ ಬೇರೆ ಮಾಡಿ, ತೆಳು ಆಸಿಡ್ ಹಾಕಿ ಈ ಪ್ರೋಟೀನನ್ನು ಹೊರಗೆ ತೆಗೆದರು. ನಮ್ಮ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ, ಹಕ್ಕಿಗಳದ್ದಕ್ಕೆ ಇದೆ. ಕೊಸೆಲ್‌ಗೆ 1910ರಲ್ಲಿ ನೊಬೆಲ್ ಬಂತು.

ಹಾಗಾಗಿ ನಾನೂ ಕೋಳಿ ಅಂಗಡಿಗೆ ಹೋಗುತ್ತೇನೆ. "ಮೇಡಂ, ಕೋಳಿ ಬ್ಯಾಡ, ರಕ್ತ ಅಷ್ಟ ಬೇಕಾ?" ಅಂತ ನಗುತ್ತಾರೆ. ಸಣ್ಣ ಬಾಟಲಿಯಲ್ಲಿ ಸೋಡಿಯಂ ಸಿಟ್ರೇಟ್ ದ್ರಾವಣ ಮೊದಲೇ ಹಾಕಿಕೊಂಡು ಹೋಗಬೇಕು, ಇಲ್ಲಾಂದ್ರೆ ಕಾಲೇಜು ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ಕೈಗೆ ಗ್ಲೌಸು ಕಡ್ಡಾಯ, ಹಕ್ಕಿಜ್ವರದ ಸುದ್ದಿ ಇದ್ದಾಗ ಈ ಪ್ರಯೋಗವೇ ಬೇಡ. ಒಂದು ಹನಿ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿದರೆ 40ರ ಲೆನ್ಸಿನಲ್ಲೇ ಕಾಣುತ್ತದೆ: ಉದ್ದುದ್ದ ಮೊಟ್ಟೆಯಾಕಾರದ ಕಣಗಳು, ಒಂದೊಂದರ ನಡುವೆ ದಟ್ಟ ನೇರಳೆ ಚುಕ್ಕೆ. ಪಕ್ಕದಲ್ಲಿ ಮನುಷ್ಯರ ರಕ್ತದ ಸಿದ್ಧ ಸ್ಲೈಡ್ ಇಡುತ್ತೇನೆ, ಅದರ ಕೆಂಪು ಕಣದ ನಡು ಖಾಲಿ. ಕೋಳಿಯದ್ದು ಅಷ್ಟು ದಟ್ಟ ಯಾಕೆ ಅಂದರೆ, ಬಲಿತ ಕಣದಲ್ಲಿ ಜೀನು ಓದುವ ಕೆಲಸ ಬಹುಪಾಲು ನಿಂತಿರುತ್ತದೆ. ಎಚ್1ರ ಹೆಚ್ಚಿನ ಜಾಗವನ್ನು ಎಚ್5 ಅನ್ನುವ ಇನ್ನೊಂದು ಹಿಸ್ಟೋನ್ ಹಿಡಿದು ಎಲ್ಲವನ್ನೂ ಬಿಗಿದಿರುತ್ತದೆ. 1974ರಲ್ಲಿ ಏಡಾ ಮತ್ತು ಡೊನಾಲ್ಡ್ ಓಲಿನ್ಸ್ ದಂಪತಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನ್ಯೂಕ್ಲಿಯೋಸೋಮಿನ ಸಾಲು ತೋರಿಸಿದಾಗ ಬಳಸಿದ್ದರಲ್ಲಿ ಕೋಳಿಯ ರಕ್ತಕಣವೂ ಇತ್ತು. ಅದೇ ವರ್ಷ ರೋಜರ್ ಕೋರ್ನ್‌ಬರ್ಗ್ ಎಂಟು ಹಿಸ್ಟೋನು, 200 ಬೇಸ್ ಜೋಡಿ ಅನ್ನುವ ಲೆಕ್ಕ ಮುಂದಿಟ್ಟರು.

ರಕ್ತ ಬೇಡ ಅನ್ನುವ ಮಕ್ಕಳಿಗೆ ವಟಾಣಿ ಇದೆ. ರಾತ್ರಿ ನೆನೆಸಿದ ಹಸಿರು ವಟಾಣಿಯನ್ನು ತಣ್ಣೀರು ಹಾಕಿ ಮಿಕ್ಸಿಯಲ್ಲಿ ಸ್ವಲ್ಪವೇ ತಿರುವಿ, ಬಟ್ಟೆಯಲ್ಲಿ ಸೋಸಿ, ಎರಡು ಗ್ಲಾಸಿಗೆ ನೂರು ನೂರು ಮಿಲಿಲೀಟರ್ ಹಾಕುತ್ತೇವೆ. ಒಂದಕ್ಕೆ 1 ಗ್ರಾಂ ಉಪ್ಪು, ಇನ್ನೊಂದಕ್ಕೆ 12 ಗ್ರಾಂ. ಆಮೇಲೆ ಎರಡಕ್ಕೂ ಪಾತ್ರೆ ತೊಳೆಯುವ ಲಿಕ್ವಿಡ್ಡು. ಸೋಪು ಕೋಶದ, ಕೋಶಕೇಂದ್ರದ ಪೊರೆ ಒಡೆಯುತ್ತದೆ. ಉಪ್ಪಿನ ಕೆಲಸ ಬೇರೆ. ಅದರ ಅಯಾನುಗಳು ಡಿಎನ್‌ಎ ಮತ್ತು ಹಿಸ್ಟೋನಿನ ನಡುವೆ ನುಗ್ಗಿ ಚಾರ್ಜಿನ ಸೆಳೆತ ಕುಗ್ಗಿಸುತ್ತವೆ. ಕಡಿಮೆ ಉಪ್ಪಿನಲ್ಲಿ ಹಿಸ್ಟೋನ್ ಹಿಡಿದೇ ಇರುತ್ತದೆ. ಲೀಟರಿಗೆ 35 ಗ್ರಾಂ ಹತ್ತಿರ ಬಂದರೆ ಎಚ್1 ಬಿಡುತ್ತದೆ, 117 ಗ್ರಾಂಗೆ ಉಳಿದವೂ ಬಿಡುತ್ತವೆ. ಎರಡನೇ ಗ್ಲಾಸು ಆ ಲೆಕ್ಕದ್ದು. ಹಸಿ ಪಪ್ಪಾಯಿಯ ರಸ ಒಂದು ಚಮಚ ಹಾಕಿದರೆ ಅದರ ಕಿಣ್ವ ಬಿಟ್ಟುಹೋದ ಪ್ರೋಟೀನನ್ನು ಚೂರು ಮಾಡುತ್ತದೆ.

ಕೊನೆಗೆ ಸ್ಪಿರಿಟ್. ಐಸಿನಷ್ಟು ತಣ್ಣಗಿರಬೇಕು. ನಮ್ಮ ಊರಿನ ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಮಾತಾಡುತ್ತ ನಿಂತರೆ ಅದು ಬಿಸಿಯಾಗಿಯೇ ಬಿಡುತ್ತದೆ, ಅದಕ್ಕೆ ಎಲ್ಲ ರೆಡಿ ಮಾಡಿಕೊಂಡು ಕೊನೆಯಲ್ಲಿ ತರಿಸುತ್ತೇನೆ. ಬರ್ನರು ಎಲ್ಲ ಆಫ್. ಗ್ಲಾಸಿನ ಅಂಚಿನಿಂದ ಮೆಲ್ಲಗೆ ಇಳಿಸಿದರೆ ಎರಡು ಪದರ ಸೇರುವಲ್ಲಿ ಬಿಳಿ ಎಳೆ ಏಳುತ್ತದೆ. ಬಿಳಿ ಕಂಡಿದ್ದೆಲ್ಲ ಡಿಎನ್‌ಎ ಅಲ್ಲ. ಜಾಸ್ತಿ ಉಪ್ಪಿನ ಗ್ಲಾಸಿನಲ್ಲಿ ಉಪ್ಪೂ ಪುಡಿಯಾಗಿ ಬೀಳುತ್ತದೆ. ಗಾಜಿನ ಕಡ್ಡಿ ತಿರುವಿ ನೋಡಿ, ಪುಡಿ ಸುತ್ತಿಕೊಳ್ಳುವುದಿಲ್ಲ, ಎಳೆ ಸುತ್ತಿಕೊಳ್ಳುತ್ತದೆ. ಎಳೆಯಲ್ಲೂ ಗಿಡದ ಕೋಶಗೋಡೆಯ ಪೆಕ್ಟಿನ್, ಉಳಿದ ಪ್ರೋಟೀನು ಬೆರೆತಿರುತ್ತದೆ. ಶುದ್ಧ ಡಿಎನ್‌ಎ ಅಂತ ರೆಕಾರ್ಡಿನಲ್ಲಿ ಬರೆಯಲು ನಾನು ಬಿಡುವುದಿಲ್ಲ.

ವಟಾಣಿ ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಾರಣ ಇದೆ. 1969ರಲ್ಲಿ ದನದ ಕರುವಿನ ಎಚ್4 ಮತ್ತು ವಟಾಣಿ ಮೊಳಕೆಯ ಎಚ್4 ಹೋಲಿಸಿದರು. 102 ಅಮೈನೋ ಆಸಿಡ್‌ನಲ್ಲಿ ಎರಡೇ ಎರಡು ಬೇರೆ. ಗಿಡ ಮತ್ತು ಪ್ರಾಣಿ ಬೇರೆಯಾಗಿ ನೂರು ಕೋಟಿ ವರ್ಷಕ್ಕೂ ಹೆಚ್ಚು ಆಗಿದೆ. ಅಷ್ಟು ಕಾಲ ಬದಲಾಗದೆ ಉಳಿದಿದೆ ಅಂದರೆ ಅದರಲ್ಲಿ ಕೈಯಾಡಿಸಲು ಜಾಗವೇ ಇಲ್ಲ ಅಂತ ಅರ್ಥ. ಸುಮ್ನೆ ಸುತ್ತಲು ಒಂದು ತುಂಡು ಬೇಕಿದ್ದರೆ ಇಷ್ಟು ಬಿಗಿ ಬೇಕಿರಲಿಲ್ಲ, ಅಲ್ವಾ?

ನ್ಯೂಕ್ಲಿಯೋಸೋಮ್ ಆದಮೇಲೆ ಮುಂದೇನು ಅನ್ನೋದು ಕಷ್ಟದ ಪ್ರಶ್ನೆ. ಹಿಸ್ಟೋನಿಗೆ ಸುತ್ತಿದ್ದರಿಂದ ಉದ್ದ ಆರೇಳು ಪಟ್ಟು ಮಾತ್ರ ಇಳಿಯುತ್ತದೆ, 2.2 ಮೀಟರ್ ಇನ್ನೂ ಒಂದು ಅಡಿಯಷ್ಟು ಉಳಿಯುತ್ತದೆ. ಮುಂದಿನ ಹಂತ 30 ನ್ಯಾನೋಮೀಟರ್ ದಪ್ಪದ ನಾರು ಅಂತ ಬಹಳ ಪುಸ್ತಕಗಳ ಚಿತ್ರದಲ್ಲಿದೆ. ಕೋಶದಿಂದ ಹೊರತೆಗೆದು ನೋಡಿದಾಗ ಅಂಥದ್ದು ಕಾಣುತ್ತದೆ, ನಿಜ. ಕೋಶದೊಳಗೇ ನೋಡಿದವರಿಗೆ ಅಷ್ಟು ಅಚ್ಚುಕಟ್ಟು ಸಿಕ್ಕಿಲ್ಲ. 2017ರಲ್ಲಿ ಕ್ಲೋಡಾ ಓಶೇ ತಂಡ ಮನುಷ್ಯರ ಕೋಶಗಳಲ್ಲಿ ಕಂಡಿದ್ದು 5ರಿಂದ 24 ನ್ಯಾನೋಮೀಟರ್ ದಪ್ಪದ, ಅಡ್ಡಾದಿಡ್ಡಿ ಸರಪಳಿ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ. ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದದ್ದೇ ಬರೆಯಿರಿ, ತಲೆಯಲ್ಲಿ ಇದನ್ನೂ ಇಟ್ಟುಕೊಳ್ಳಿ ಅನ್ನುತ್ತೇನೆ. ಐವತ್ತು ತುಂಡಿನ ನಮ್ಮ ಟ್ಯೂಬನ್ನು ಬಕೆಟ್ಟಿಗೆ ಹಾಕಿದರೆ ಅದೂ ಅಚ್ಚುಕಟ್ಟಾಗಿ ಕೂರುವುದಿಲ್ಲ.

ಮಾಡೆಲ್ಲಿಗೆ ಆಗದ ಕೆಲಸವೂ ಇದೆ. ಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗುತ್ತದೆ, ಹಳೆ ಹಿಸ್ಟೋನುಗಳು ಎರಡೂ ನಕಲಿಗೆ ಹಂಚಿಹೋಗುತ್ತವೆ, ಉಳಿದ ಜಾಗಕ್ಕೆ ಹೊಸವು ಬರುತ್ತವೆ. ಟ್ಯೂಬು ಎರಡಾಗಿ ಸೀಳುವುದಿಲ್ಲ. ವೀರ್ಯಾಣುವಿನಲ್ಲಿ ಹಿಸ್ಟೋನು ಬಹುಪಾಲು ಹೋಗಿ ಪ್ರೊಟಮೈನ್ ಅನ್ನುವ ಬೇರೆ ಪ್ರೋಟೀನು ಬರುತ್ತದೆ, ಅದಕ್ಕೆ ಈ ಪೈಪಿನ ತುಂಡು ಹೊಂದುವುದೇ ಇಲ್ಲ. ಇವೆರಡನ್ನು ಸದ್ಯಕ್ಕೆ ಬಾಯಲ್ಲಿ ಹೇಳಿ, ಬೋರ್ಡಿನ ಮೇಲೆ ಬಿಡಿಸುತ್ತೇನೆ.