ಹೊಸ ಚಿಕಿತ್ಸೆಗೆ ಕಾಯುವಾಗ ಫೈಲು, ಥರ್ಮಾಮೀಟರ್ ಎರಡೂ ಕೈಯಲ್ಲಿರಲಿ

ತಮ್ಮನಿಗೆ ರಕ್ತದ ಕ್ಯಾನ್ಸರ್ ಮರಳಿ ಬಂದಾಗ, ಕಾರ್-ಟಿ ಸೆಲ್ ಚಿಕಿತ್ಸೆ (ರೋಗಿಯದೇ ರೋಗನಿರೋಧಕ ಜೀವಕೋಶಗಳನ್ನು ಲ್ಯಾಬಿನಲ್ಲಿ ಬದಲಿಸಿ, ಕ್ಯಾನ್ಸರ್ ಕೊಲ್ಲೋಕೆ ಮತ್ತೆ ಮೈಗೆ ಸೇರಿಸೋದು) ಸಿಗುತ್ತಾ ಅಂತ ಕೇಳೋಕೆ ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಡಾಕ್ಟರ್ ಕೇಳಿದ ಮೊದಲ ಕಾಗದವೇ ಮನೆಯ ಟ್ರೆಜರಿಯಲ್ಲಿ ಉಳಿದಿತ್ತು!

ಹಾಗಾಗಿ ಮೊದಲು ಫೈಲು. ಬೋನ್ ಮ್ಯಾರೋ ರಿಪೋರ್ಟ್, ಫ್ಲೋ ಸೈಟೊಮೆಟ್ರಿ (ಕ್ಯಾನ್ಸರ್ ಕೋಶ ಯಾವ ವಿಧ ಅಂತ ತಿಳಿಸುವ ಪರೀಕ್ಷೆ), ಯಾವ ಕೀಮೋ ಯಾವ ತಾರೀಖಿಗೆ ಆಯ್ತು, ಎಲ್ಲ ಜೋಡಿಸಿಡಿ. ಮೊಬೈಲ್‌ನಲ್ಲೂ ಫೋಟೋ ಇರಲಿ.

ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಒಂದೇ ಕಾಯಿಲೆ ಅಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದು ಬಿ-ಜೀವಕೋಶದ (ಒಂದು ಬಗೆಯ ಬಿಳಿ ರಕ್ತಕಣ) ಕ್ಯಾನ್ಸರ್‌ಗಳಿಗೆ, ಅದೂ ಮರಳಿ ಬಂದಿದ್ದರೆ ಅಥವಾ ಔಷಧಕ್ಕೆ ಬಗ್ಗದಿದ್ದರೆ. ‘ನಮ್ಮದು ಯಾವ ವಿಧ, ಸಿಡಿ19 ಇದೆಯಾ?’ ಅಂತ ಬಾಯಿಬಿಟ್ಟು ಕೇಳಿ; ಸಿಡಿ19 ಅಂದ್ರೆ ಈ ಚಿಕಿತ್ಸೆ ಗುರಿಯಿಡುವ, ಕೋಶದ ಮೇಲಿನ ಗುರುತು. ನಡೆಯುತ್ತಿರುವ ಟ್ರಯಲ್‌ಗಳನ್ನು (ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನ) ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಸೇರಿಸ್ತೀನಿ, ದುಡ್ಡು ಕೊಡಿ ಅನ್ನುವ ದಲ್ಲಾಳಿಯನ್ನು ಬಾಗಿಲಲ್ಲೇ ಕಳಿಸಿ. ಟ್ರಯಲ್‌ಗೆ ಸಹಿ ಹಾಕಿದ ಮೇಲೂ ಬೇಡ ಅಂತ ಹೊರಬರುವ ಹಕ್ಕು ನಿಮಗಿದೆ.

ಕಾಯುವ ದಿನಗಳೇ ಕಷ್ಟ. ಸೋಂಕು ಇದ್ದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತೆ, ಅದಕ್ಕೇ ರಸ್ತೆ ಬದಿಯ ಗಿರಮಿಟ್ ಸದ್ಯಕ್ಕೆ ಬಿಡಿ (ತಮ್ಮ ಇದಕ್ಕೇ ಜಾಸ್ತಿ ಸಿಟ್ಟಾಗಿದ್ದ, ಕೊನೆಗೆ ಅವ್ವ ಮನೆಯಲ್ಲೇ ಮಾಡಿಕೊಟ್ಟಳು). ಜ್ವರ 100.4 ಮುಟ್ಟಿದರೆ ಗುಳಿಗೆ ನುಂಗಿ ಸುಮ್ನೆ ಮಲಗಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಯಾರೋ ಹೇಳಿದ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿಬಿಡಿ, ಬೈದರೆ ಬೈಯಲಿ.