ಮಳೆಗಾಲದಲ್ಲಿ ನೀರು–ಎಥನಾಲ್ ಮಿಶ್ರಣದ ಶಬ್ದವೇಗ ಅಳೆಯುವ ಬಗೆ

ನೀರು, ಎಥನಾಲ್ ಬೆರೆತಾಗ ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ ಎಂದು ನೋಡಲು ನಾನು ಬಳಸುವುದು 2 ಮೆಗಾಹರ್ಟ್ಸ್‌ನ ಅಲ್ಟ್ರಾಸಾನಿಕ್ ಇಂಟರ್‌ಫೆರೋಮೀಟರ್. ದ್ರವ ತುಂಬುವ ಸೆಲ್‌ನ ತಳದ ಹರಳು ಕಿವಿಗೆ ಕೇಳದ ಶಬ್ದ ಹೊರಡಿಸುತ್ತದೆ, ಮೇಲಿನ ಪ್ರತಿಫಲಕ ಅದನ್ನು ಹಿಂತಿರುಗಿಸುತ್ತದೆ; ಪ್ರತಿಫಲಕ ಸರಿಸಿದಂತೆ ಮೀಟರಿನ ಮುಳ್ಳು ಏರಿಳಿದು ತರಂಗಾಂತರ ತಿಳಿಸುತ್ತದೆ. ಅದರಿಂದ ಶಬ್ದವೇಗ, ವೇಗದಿಂದ ಸಂಪೀಡ್ಯತೆ, ಅಂದರೆ ಒತ್ತಿದರೆ ದ್ರವ ಎಷ್ಟು ಸುಲಭವಾಗಿ ಕುಗ್ಗುತ್ತದೆ ಎಂಬುದು ಸಿಗುತ್ತದೆ. ರೀಡಿಂಗ್ ತೆಗೆಯುವುದು ಸುಲಭ. ಲೆಕ್ಕ ಕೆಡುವುದು ಅದಕ್ಕೂ ಮುಂಚೆ, ಮಿಶ್ರಣ ಮಾಡುವಾಗ.

ಶಿವಮೊಗ್ಗದಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ತೆರೆದಿಟ್ಟ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಸೇರಿದಷ್ಟೂ ಅದರ ಶಬ್ದವೇಗ ಏರುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ 3 ಆಂಗ್‌ಸ್ಟ್ರಮ್ ಮಾಲಿಕ್ಯುಲರ್ ಸೀವ್ (ನೀರಿನ ಅಣುಗಳನ್ನು ಹೀರಿಕೊಳ್ಳುವ ಸೂಕ್ಷ್ಮ ರಂಧ್ರಗಳ ಮಣಿ) ಹಾಕಿ ಬಿಗಿಯಾಗಿ ಮುಚ್ಚಿಡುತ್ತೇನೆ. ಮಿಶ್ರಣವನ್ನು ತೂಕದಿಂದಲೇ ಮಾಡಬೇಕು, ಅಳತೆ ಸಿಲಿಂಡರಿನಿಂದಲ್ಲ: 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಬೆರೆಸಿದರೆ ಸುಮಾರು 96–97 ಮಿ.ಲೀ. ಅಷ್ಟೇ ಸಿಗುತ್ತದೆ. ಎಥನಾಲ್‌ನ ಮೋಲ್ ಅಂಶ (ಒಟ್ಟು ಅಣುಗಳಲ್ಲಿ ಅದರ ಪಾಲು) 0.1 ಬೇಕಿದ್ದರೆ 32.43 ಗ್ರಾಂ ನೀರು, 9.21 ಗ್ರಾಂ ಎಥನಾಲ್. ಬೇಗ ಆವಿಯಾಗುವುದು ಎಥನಾಲ್, ಆದ್ದರಿಂದ ನೀರು ಮೊದಲು.

ಬೆರೆಸಿದ ಕೂಡಲೇ ಫ್ಲಾಸ್ಕ್ ಕೈಗೆ ಬೆಚ್ಚಗಾಗುತ್ತದೆ, ಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಕರಗಿದ್ದ ಗಾಳಿ ಹೊರಬರುತ್ತಿದೆ ಎಂದರ್ಥ. ಆಗಲೇ ಸೆಲ್‌ಗೆ ಸುರಿದರೆ ಹರಳಿನ ಮೇಲೆ ಗುಳ್ಳೆ ಕೂತು ಮೀಟರಿನ ಮುಳ್ಳು ಒದ್ದಾಡುತ್ತದೆ. ಮುಚ್ಚಿಟ್ಟು ಅರ್ಧ ಗಂಟೆ ಬಿಡಿ.

ಸೆಲ್ ತುಂಬದೆ, ಹರಳನ್ನು ಕಂಪಿಸುವ ಜನರೇಟರ್ ಹಾಕಬಾರದು. ಹಾಕಿದ ಮೇಲೆ 15 ನಿಮಿಷ ಬಿಸಿಯಾಗಲಿ. 30 ಡಿಗ್ರಿಯ ನೀರು ಸೆಲ್‌ನ ಎರಡು ಗೋಡೆಗಳ ನಡುವೆ ಹರಿಯುತ್ತಿರಬೇಕು. ಕರೆಂಟು ಹೋಗಿ ಬಂದರೆ ಮತ್ತೆ 20 ನಿಮಿಷ ಕಾಯುತ್ತೇನೆ, ಏಕೆಂದರೆ ಒಂದು ಡಿಗ್ರಿ ಏರಿದರೆ ನೀರಿನಲ್ಲಿ ವೇಗ ಸುಮಾರು 2.4 ಮೀ/ಸೆ ಏರುತ್ತದೆ, ಎಥನಾಲ್‌ನಲ್ಲಿ 3 ಮೀ/ಸೆಗೂ ಹೆಚ್ಚು ಇಳಿಯುತ್ತದೆ. ಎರಡೂ ಎದುರುಬದುರು. ಈ ನೀರಿನ ಬಾತ್‌ನ ತಾಪ ಅತ್ತಿತ್ತ ಆದರೆ ಗ್ರಾಫಿನ ಆಕಾರವೇ ಬದಲಾಗುತ್ತದೆ.

ಮೈಕ್ರೋಮೀಟರ್ ಸ್ಕ್ರೂವನ್ನು ಒಂದೇ ದಿಕ್ಕಿಗೆ ತಿರುಗಿಸಿ; ಹಿಂದಕ್ಕೆ ಬಂದರೆ ಸ್ಕ್ರೂವಿನ ಸುತ್ತುಗಳ ಸಡಿಲ ರೀಡಿಂಗಿಗೆ ಸೇರುತ್ತದೆ. ಮುಳ್ಳಿನ ಒಂದು ಗರಿಷ್ಠದಿಂದ ಮುಂದಿನದಕ್ಕೆ ಅರ್ಧ ತರಂಗಾಂತರ; ತರಂಗಾಂತರವನ್ನು ಆವರ್ತನದಿಂದ (ಇಲ್ಲಿ 2 ಮೆಗಾಹರ್ಟ್ಸ್) ಗುಣಿಸಿದರೆ ವೇಗ. ನಡುವೆ ಕಾಣುವ ಕುಳ್ಳ ಶಿಖರಗಳು ಪ್ರತಿಫಲಕ ಹರಳಿಗೆ ಸರಿಯಾಗಿ ಸಮಾಂತರವಿಲ್ಲ ಎಂಬ ಸೂಚನೆ, ಅವನ್ನು ಎಣಿಸಬೇಡಿ. ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ಪರೀಕ್ಷೆ: 20 ಅಂತರಗಳಿಗೆ 7.545 ಮಿ.ಮೀ. ಬರಬೇಕು, ಅಂದರೆ 1509 ಮೀ/ಸೆ. ಇಲ್ಲಿ 0.01 ಮಿ.ಮೀ. ತಪ್ಪಿದರೂ ವೇಗ 2 ಮೀ/ಸೆ ತಪ್ಪುತ್ತದೆ. ಸಂಪೀಡ್ಯತೆಯ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಅಲ್ಲಿ ತಪ್ಪು ಇಮ್ಮಡಿ.

ಸಾಂದ್ರತೆಗೆ 25 ಮಿ.ಲೀ. ಡೆನ್ಸಿಟಿ ಬಾಟಲಿ ಸಾಕು. ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ, ಅದರ ವ್ಯುತ್ಕ್ರಮ ತೆಗೆದರೆ ಸಂಪೀಡ್ಯತೆ. 30 ಡಿಗ್ರಿ ನೀರಿಗೆ 4.41×10⁻¹⁰ ಚ.ಮೀ./ನ್ಯೂಟನ್.

ಶುದ್ಧ ಎಥನಾಲ್‌ನಲ್ಲಿ ಶಬ್ದ ನೀರಿಗಿಂತ ಬಹಳ ನಿಧಾನ. ಆದರೂ ನೀರಿಗೆ ಅದನ್ನು ಸ್ವಲ್ಪ ಸ್ವಲ್ಪ ಸೇರಿಸಿದಂತೆ ವೇಗ ಏರುತ್ತದೆ, ಮೋಲ್ ಅಂಶ 0.1ರ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಹೈಡ್ರೋಜನ್ ಬಂಧಗಳ ಜಾಲ ಅಲ್ಲಿ ಒತ್ತಡಕ್ಕೆ ಸುಲಭವಾಗಿ ಬಗ್ಗದು. 0.1, 0.2, 0.3 ಎಂದು ಸಮ ಅಂತರದಲ್ಲಿ ಬಿಂದು ಹಿಡಿದರೆ ಈ ತುದಿ ತಪ್ಪಿಹೋಗುತ್ತದೆ, 0.04ರಿಂದ 0.15ರವರೆಗೆ ಆರು ಮಿಶ್ರಣವಾದರೂ ಮಾಡಿ. ಹೆಚ್ಚುವರಿ ಸಂಪೀಡ್ಯತೆ (ಅಳೆದದ್ದಕ್ಕೂ ಆದರ್ಶ ಮಿಶ್ರಣದಲ್ಲಿ ಇರಬೇಕಾದದ್ದಕ್ಕೂ ಇರುವ ವ್ಯತ್ಯಾಸ) ಲೆಕ್ಕ ಹಾಕುವಾಗ ಆದರ್ಶ ಮೌಲ್ಯಕ್ಕೆ ಮೋಲ್ ಅಂಶದ ಸರಾಸರಿ ಹಿಡಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ, ಕನಿಷ್ಠ ಗಾತ್ರಾಂಶದ (ಗಾತ್ರದಲ್ಲಿ ಪ್ರತಿಯೊಂದರ ಪಾಲಿನ) ಸರಾಸರಿಯನ್ನಾದರೂ ತೆಗೆದುಕೊಳ್ಳಬೇಕು.