ಟೀಮ್ ಬಿಟ್ಟು ಹೋದ ಪಾಯಿಂಟ್ ಗಾರ್ಡ್‌ನ ನೆನಸೂದು ಹೆಂಗ? ‘ಮಿಸ್ ಯೂ ಲೆಜೆಂಡ್’ ಅಂದ್ರ ಸಾಲೂದಿಲ್ರಿ

ಬಾಸ್ಕೆಟ್‌ಬಾಲ್‌ನ್ಯಾಗ ಬಾಲ್ ತಂದು ಎಲ್ಲಾರಿಗೂ ಹಂಚಿ ಆಟ ನಡಸಾಂವಾ ಪಾಯಿಂಟ್ ಗಾರ್ಡ್. ಅವಾ ಟೀಮ್ ಬಿಟ್ಟ ಅಂದಕೂಡ್ಲೆ ನಮ್ಮ ಹುಡುಗ್ರು ಮಾಡೂದು ಎರಡ ಕೆಲಸ. ಸ್ಟೇಟಸ್‌ಗೆ ಒಂದು ಫೋಟೊ ಹಾಕಿ ಕೆಳಗ ಅಳೂ ಇಮೋಜಿ ಇಡ್ತಾರ, ಇಲ್ಲಾಂದ್ರ ಯೂಟ್ಯೂಬಿನ್ಯಾಗ ಅವನ ಹೈಲೈಟ್ಸ್ ಹಾಕ್ಕೊಂಡು ‘ಏನ್ ಆಡ್ತಿದ್ದಲೇ ಅವಾ’ ಅಂತಾರ. ಡಂಕ್ (ಹಾರಿ ಬಾಲ್ ರಿಂಗಿನ್ಯಾಗ ತುರುಕೂದು) ಹೊಡಿಯೂ ಆಟಗಾರಗ ಇಷ್ಟ ಸಾಕು. ಪಾಯಿಂಟ್ ಗಾರ್ಡ್‌ಗ ಸಾಲೂದಿಲ್ಲ, ಯಾಕಂದ್ರ ಅವನ ಅರ್ಧಾ ಕೆಲಸ ಬ್ಯಾರೆಯವರ ಹೈಲೈಟ್ಸ್‌ನ್ಯಾಗ ಇರ್ತೈತಿ, ಇನ್ನರ್ಧಾ ಯಾವ ಹೈಲೈಟ್ಸ್‌ನ್ಯಾಗೂ ಇರೂದಿಲ್ಲ.

ಉದಾಹರಣಿಗೆ ನಾ ಅಮೆರಿಕಾದ ಎನ್‌ಬಿಎ ಲೀಗಿನ ಪಾಯಿಂಟ್ ಗಾರ್ಡ್ ಮೈಕ್ ಕಾನ್ಲಿನ ತಗೋತೀನಿ. ಹುಬ್ಬಳ್ಳ್ಯಾಗ ಆ ಲೀಗಿನ ಲೇಕರ್ಸ್, ವಾರಿಯರ್ಸ್ ಟೀಮ್ ಅಂದ್ರ ಮಂದಿಗೆ ಗೊತ್ತು, ಮೆಂಫಿಸ್ ಗ್ರಿಜ್ಲೀಸ್ ಅಂದ್ರ ‘ಯಾವೂರಲೇ ಅದು’ ಅಂತ ಕೇಳ್ತಾರ, ಹಂಗಾಗಿ ನಮ್ಮಂಥ ಫ್ಯಾನ್‌ಗಳಿಗೆ ವಾದ ಮಾಡಾಕರ ಜೊತಿ ಸಿಗೂದಿಲ್ಲ. ಕಾನ್ಲಿ 2007ರ ಡ್ರಾಫ್ಟ್‌ನ್ಯಾಗ (ಟೀಮುಗಳು ಸರದಿ ಪ್ರಕಾರ ಹೊಸಾ ಆಟಗಾರರನ್ನ ಆರಿಸೂದು) 4ನೇ ನಂಬರಿಗೆ ಮೆಂಫಿಸ್‌ಗೆ ಬಂದಾಂವಾ, 12 ಸೀಸನ್ ಅಲ್ಲೇ ಆಡಿ 2019ರಾಗ ಯುಟಾ ಜಾಜ್ ಟೀಮಿಗೆ ಹೋದ. ಅವರಪ್ಪ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ್ಯಾಗ ಟ್ರಿಪಲ್ ಜಂಪ್ ಬಂಗಾರದ ಪದಕ ಗೆದ್ದಾಂವಾ, ಅಪ್ಪ ಅಷ್ಟು ಹಾರಿದ ಮನುಷ್ಯಾ ಆದ್ರೂ ಮಗನ ಹೆಸರಾಗಿದ್ದು ಸಣ್ಣ ಫ್ಲೋಟರ್‌ದಿಂದ, ಅಂದ್ರ ಡಿಫೆಂಡರ್ ತಲಿ ಮ್ಯಾಲಿಂದ ಮೆಲ್ಲಕ ತೇಲಿಸಿ ಹಾಕೂ ಶಾಟ್‌ದಿಂದ. ಅದೂ ಎಡಚ ಇದ್ದು ಬಲಗೈಲೆ ಫ್ಲೋಟರ್ ಹಾಕ್ತಾನ, ಇದನ್ನ ನೋಡಾಕ ಭಾಳ ಮಜಾ ಬರ್ತೈತಿ.

ಈಗ ಕೆಲಸಕ್ಕ ಬರೂಣು. ಮೊದಲ ಒಂದು ಪೂರಾ ಮ್ಯಾಚ್ ಆರಿಸ್ಕೋರಿ. ಕ್ಲಿಪ್ ಬ್ಯಾಡ, ಶಾರ್ಟ್ಸ್ ಬ್ಯಾಡ, ಪೂರಾ ಮ್ಯಾಚ್. ಅವಾ 40 ಪಾಯಿಂಟ್ ಹೊಡೆದ ಮ್ಯಾಚ್ ಹುಡುಕ್ಕೊಂತ ಕುಂದರಬ್ಯಾಡ್ರಿ, ಟೀಮ್ ಗೆದ್ದು ಅವನ ಹೆಸರು ಪೇಪರ್‌ನ್ಯಾಗ ಮೂರನೇ ಸಾಲಿನ್ಯಾಗ ಬಂದಿರ್ತೈತಲ್ಲ, ಅಂಥಾದು ಬೇಕು. ರವಿವಾರ ಮುಂಜಾನೆ ಒಂದು ಕಪ್ ಚಾ ತಗೊಂಡು ಕುಂದರ್ರಿ, ಹೆಂಗೂ ಎನ್‌ಬಿಎ ಫ್ಯಾನ್‌ಗಳಿಗೆ ಮುಂಜಾನೆ ಏಳೂದು ರೂಢಿನ ಐತಿ, ಮೆಂಫಿಸ್‌ನ್ಯಾಗ ಚಳಿಗಾಲದ ರಾತ್ರಿ 7ಕ್ಕ ಮ್ಯಾಚ್ ಚಾಲೂ ಆದ್ರ ನಮಗ ಮರುದಿನ ಮುಂಜಾನೆ 6:30 ಆಗಿರ್ತೈತಿ.

ಮೊದಲನೇ ಸಲ ಆರಾಮ ನೋಡ್ರಿ. ಎರಡನೇ ಸಲ ನೋಡೂಮುಂದ ಬಾಲ್ ಮ್ಯಾಲಿನ ಕಣ್ಣು ತಗೀರಿ, ಇದು ಹೇಳಿದಷ್ಟು ಸರಳ ಅಲ್ಲ, ಕಣ್ಣು ತಾನ ಬಾಲ್ ಕಡೆ ಓಡತೈತಿ. ಕಾನ್ಲಿ ಪಾಸ್ ಕೊಟ್ಟ ಮ್ಯಾಲೆ ಏನ್ ಮಾಡ್ತಾನ ಅನ್ನೂದನ್ನ ಹಿಡೀರಿ. ಮೆಂಫಿಸ್‌ನ ಸೆಂಟರ್ (ಬಾಸ್ಕೆಟ್ ಹತ್ರ ಆಡೂ ಎತ್ತರದ ಆಟಗಾರ) ಮಾರ್ಕ್ ಗಸೋಲ್ ಫ್ರೀ ಥ್ರೋ ಲೈನಿನ ಮೂಲಿಗೆ ಬಂದು ಬಾಲ್ ತಗೋತಾನ, ಕಾನ್ಲಿ ಅಲ್ಲೇ ನಿಂದರೂದಿಲ್ಲ, ಬಾಜೂಕ ಕಟ್ ಹೊಡೀತಾನ ಇಲ್ಲಾ ಮೂರು ಪಾಯಿಂಟಿನ ಗೆರಿ ಹೊರಗ ಸರೀತಾನ, ಅವನ ಡಿಫೆಂಡರ್ ಅವನ್ನ ಬಿಟ್ಟು ಒಳಗ ಸಹಾಯಕ್ಕ ಹೋಗಂಗಿಲ್ಲ, ಹೋದ್ರ ಕಾನ್ಲಿ ಖುಲ್ಲಾ, ಹೋಗಲಿಲ್ಲಂದ್ರ ಒಳಗ ಅದ ಟೀಮಿನ ಝ್ಯಾಕ್ ರ‍್ಯಾಂಡಾಲ್ಫ್ ಎಡಗಡೆ ಒಬ್ಬನ ಮ್ಯಾಲೆ ಬಿದ್ದು ಎರಡು ಪಾಯಿಂಟ್ ತಗೋತಾನ. ಸ್ಕೋರ್‌ಶೀಟಿನ್ಯಾಗ ಬಾಸ್ಕೆಟ್ ರ‍್ಯಾಂಡಾಲ್ಫ್‌ಂದು, ಅಸಿಸ್ಟ್ (ಬಾಸ್ಕೆಟ್‌ಗೆ ಕಾರಣ ಆದ ಕಡೀ ಪಾಸ್) ಗಸೋಲ್‌ದು, ಕಾನ್ಲಿ ಹೆಸರ ಇಲ್ಲ. ಇಂಥಾವು ಒಂದು ಮ್ಯಾಚಿನ್ಯಾಗ ಎಷ್ಟು ಸಿಗ್ತಾವ ಅಂತ ಒಂದು ಹಾಳಿ ಮ್ಯಾಲೆ ಗೆರಿ ಹಾಕ್ಕೊಂತ ಹೋಗ್ರಿ.

ಅದರ ಜೊತಿಗೆ ಗಡಿಯಾರಾನೂ ನೋಡ್ರಿ. 24 ಸೆಕೆಂಡಿನ ಶಾಟ್ ಕ್ಲಾಕ್‌ನ್ಯಾಗ (ಅಷ್ಟರೊಳಗ ಶಾಟ್ ಹೊಡೀಬೇಕು) ಎಷ್ಟು ಸೆಕೆಂಡ್ ಉಳಿದಾಗ ಆಟ ಚಾಲೂ ಮಾಡ್ತಾನ, ಎದುರಿನ ಟೀಮ್ ಸತತ ನಾಕೈದು ಬಾಸ್ಕೆಟ್ ಹೊಡೆದು ಮಂದಿ ಚೀರಾಕತ್ತಿದಾಗ ಇವಾ ಓಡ್ತಾನೋ, ನಡೀತಾನೋ. ಆ ಮೆಂಫಿಸ್ ಟೀಮ್ ಲೀಗಿನ್ಯಾಗ ಭಾಳ ನಿಧಾನ ಆಡೂ ಟೀಮುಗಳೊಳಗ ಒಂದು, ಮಂದಿ ಅದನ್ನ ಬೋರ್ ಅಂತಿದ್ರು. ನನಗ ಕೇಳಿದ್ರ ಅದ ಅವರ ಹುಷಾರಿ, ಗಸೋಲ್, ರ‍್ಯಾಂಡಾಲ್ಫ್ ಇಬ್ರೂ ಓಡೂ ಪೈಕಿ ಅಲ್ಲ, ಓಡೂ ಆಟ ಆಡಿದ್ರ ಸೋಲೂದು ಇವರ. ಟೀಮಿನ ಕಾಲು ಎಷ್ಟು ಓಡ್ತಾವ ಅಂತ ತಿಳ್ಕೊಂಡು ಆಟ ನಡಸಾಂವಾ ಪಾಯಿಂಟ್ ಗಾರ್ಡ್, ಮನಿ ನಡಸೂ ದೊಡ್ಡ ಸೊಸಿ ಇದ್ದಂಗ, ಎಲ್ಲಾರಿಗೂ ಬಡಿಸಿ ಕಡೀಕ ತಾನು ಉಣ್ತಾಳ.

ಆಮ್ಯಾಲೆ ನಂಬರ್. ಕಾನ್ಲಿ ಮೆಂಫಿಸ್ ಬಿಡೂಮುಂದ 788 ಮ್ಯಾಚ್, 11,733 ಪಾಯಿಂಟ್, 4,509 ಅಸಿಸ್ಟ್, 1,161 ಸ್ಟೀಲ್ (ಎದುರಿನವರಿಂದ ಬಾಲ್ ಕಸ್ಕೊಂಡದ್ದು), ನಾಕೂ ಆ ಫ್ರಾಂಚೈಸಿಯ ದಾಖಲೆ. ಇಷ್ಟಿದ್ರೂ ಮೆಂಫಿಸ್‌ನ್ಯಾಗ ಇದ್ದಾಗ ಒಮ್ಮೆನೂ ಆಲ್ ಸ್ಟಾರ್ (ಆ ವರ್ಷದ ಲೀಗಿನ ಆಯ್ದ ಆಟಗಾರರೊಳಗ ಒಬ್ಬ) ಆಗಲಿಲ್ಲ, ಯುಟಾಕ್ಕ ಹೋದ ಮ್ಯಾಲೆ 2021ರಾಗ ಆದ, ಅದೂ ಆಯ್ಕೆ ಆಗಿದ್ದ ಡೆವಿನ್ ಬುಕರ್‌ಗ ಪೆಟ್ಟಾಗಿ ಜಾಗಾ ಖಾಲಿ ಆದಾಗ. ಬರೇ ಅಸಿಸ್ಟ್ ಎಣಿಸ್ಕೊಂತ ಕುಂತ್ರ ದಾರಿ ತಪ್ಪತೈತ್ರಿ, ಬಾಸ್ಕೆಟ್ ಆಗೂದಕ್ಕಿಂತ ಎರಡು ಪಾಸ್ ಹಿಂದಿನ ಪಾಸ್ ಯಾರದು ಅಂತ ನೋಡಬೇಕು. ಎನ್‌ಬಿಎದಾಗ 2013-14ರಿಂದ ಎಲ್ಲಾ ಅರೇನಾದಾಗೂ ಟ್ರ್ಯಾಕಿಂಗ್ ಕ್ಯಾಮೆರಾ ಹಾಕಿದ ಮ್ಯಾಲೆ ಇದನ್ನೂ ಎಣಿಸ್ತಾರ, ಸೆಕೆಂಡರಿ ಅಸಿಸ್ಟ್ ಅಂತ. ನಿಮ್ಮ ಮೆಚ್ಚಿನ ಆಟಗಾರ ಅದಕ್ಕಿಂತ ಹಳಬ ಇದ್ರ ನಿಮ್ಮ ಹಾಳಿನ ಗತಿ.

ಒಂದ ಒಂದು ಹೀರೋ ಮ್ಯಾಚ್ ನೋಡಬೇಕು ಅನ್ನಿಸಿದ್ರ 2015ರ ಪ್ಲೇಆಫ್ಸ್‌ನ್ಯಾಗ ವಾರಿಯರ್ಸ್ ಮ್ಯಾಲಿನ ಎರಡನೇ ಗೇಮ್ ಹಾಕ್ರಿ. ಅದರ ಹಿಂದಿನ ಸುತ್ತಿನ್ಯಾಗ ಪೋರ್ಟ್‌ಲ್ಯಾಂಡ್ ಮ್ಯಾಲೆ ಆಡೂಮುಂದ ಮಾರಿಗೆ ಮೊಣಕೈ ಬಡಿದು ಎಲುಬು ಮುರಿದಿತ್ತು, ಆಪರೇಶನ್ ಆಗಿತ್ತು, ಮುಖಕ್ಕ ಮಾಸ್ಕ್ ಕಟ್ಕೊಂಡು ಬಂದು 22 ಪಾಯಿಂಟ್ ಹೊಡೆದ, ಮೆಂಫಿಸ್ 97-90ಕ್ಕ ಗೆಲ್ತು, ಆ ರೆಗ್ಯುಲರ್ ಸೀಸನ್ ತಮ್ಮ ಮನಿ ಕೋರ್ಟಿನ್ಯಾಗ 41 ಮ್ಯಾಚಿನ್ಯಾಗ ಬರೇ 2 ಸೋತಿದ್ದ ವಾರಿಯರ್ಸ್ ಮ್ಯಾಲೆ. ಸೀರೀಸ್ ಸೋತ್ರು, ವಾರಿಯರ್ಸ್ ಚಾಂಪಿಯನ್ ಆದ್ರು, ಅದು ಬ್ಯಾರೆ ಮಾತು.

ಹೋದದ್ದರ ಸಿಟ್ಟು ಇರ್ತೈತಿ, ಒಪ್ಕೋತೀನಿ. ಆದ್ರ ಯಾರು ಕಳಿಸಿದ್ರು, ಯಾಕ ಕಳಿಸಿದ್ರು ನೋಡ್ರಿ. ಕಾನ್ಲಿ ಓಡಿಹೋದಾಂವಾ ಅಲ್ಲ, ಟ್ರೇಡ್ ಆದಾಂವಾ (ಟೀಮ ಅವನ್ನ ಬ್ಯಾರೆ ಟೀಮಿಗೆ ಅದಲುಬದಲು ಮಾಡಿ ಕೊಟ್ಟಿದ್ದು), ಗಸೋಲ್‌ನ ಅದ ವರ್ಷ ಫೆಬ್ರುವರಿಯೊಳಗ ಟೊರಾಂಟೊಗೆ ಕಳಿಸಿದ್ರು, ಟೀಮ್ ಹೊಸದಾಗಿ ಕಟ್ಟಬೇಕಾಗಿತ್ತು. ಕಾನ್ಲಿ ಬದಲಿಗೆ ಬಂದದ್ದರಾಗ 2019ರ ಡ್ರಾಫ್ಟ್‌ನ 23ನೇ ಪಿಕ್ (ಆಟಗಾರನ್ನ ಆರಿಸೂ ಸರದಿ) ಇತ್ತು, ಅದನ್ನ ಹಚ್ಚಿ ಮೆಂಫಿಸ್ ಎರಡು ಜಾಗಾ ಮ್ಯಾಲೇರಿ ಬ್ರ್ಯಾಂಡನ್ ಕ್ಲಾರ್ಕ್‌ನ ತಗೊಂತು. ಅಂದ್ರ ಹೋಗೂಮುಂದನೂ ಒಂದು ಪಾಸ್ ಕೊಟ್ಟ ಹೋದ ಅನ್ರಿ. ಅದ ಡ್ರಾಫ್ಟ್‌ನ್ಯಾಗ 2ನೇ ನಂಬರಿಗೆ ಜಾ ಮೊರಾಂಟ್ ಬಂದ, ಆಟ ಪೂರಾ ಉಲ್ಟಾ, ಇವಾ ಹಾರಾಂವಾ, ಅವಾ ನಿಧಾನ. ಇಬ್ಬರನ್ನ ತಕ್ಕಡ್ಯಾಗ ಹಾಕಿ ತೂಗಬ್ಯಾಡ್ರಿ. ಹಳೇಯವನ್ನ ಹೊಗಳಾಕ ಹೊಸಾ ಹುಡುಗನ ಬೈಯ್ಯೂದು ಭಾಳ ಮಂದಿಗೆ ಚಟ ಆಗೇತಿ, ಆ ಬೈಗಳ ಹೊಗಳಿಕಿ ಅಲ್ಲ. 2019ರ ನವೆಂಬರ್‌ನ್ಯಾಗ ಕಾನ್ಲಿ ಜಾಜ್ ಜೆರ್ಸಿ ಹಾಕ್ಕೊಂಡು ಮೆಂಫಿಸ್‌ಗೆ ಬಂದಾಗ ಅಲ್ಲಿ ಮಂದಿ ಎದ್ದು ನಿಂತು ಚಪ್ಪಾಳಿ ಹೊಡೆದ್ರು, ಮುಂದ ಮೊರಾಂಟ್‌ಗೂ ಅಷ್ಟ ಜೋರು ಹೊಡೆದ್ರು.

ಇನ್ನ ನಮ್ಮ ಊರಿನ ಮಾತು. ಹುಬ್ಬಳ್ಳಿ ಆಗಲಿ, ಧಾರವಾಡ ಆಗಲಿ, ಗದಗ ಆಗಲಿ, ಕಾಲೇಜ್ ಟೀಮಿನ ಪಾಯಿಂಟ್ ಗಾರ್ಡ್ ಡಿಗ್ರಿ ಮುಗಿಸಿ ಬೆಂಗಳೂರು ಇಲ್ಲಾ ಪುಣೆ ಬಸ್ ಹತ್ತೂದು ಪ್ರತಿ ವರ್ಷದ ಕತಿ. ಅವಗ ಹಾರ, ಶಾಲು, ಪೇಡಾ ಡಬ್ಬಿ ಕೊಟ್ಟು ಫೋಟೊ ತಗಸ್ಕೋತೀರಿ, ಕೊಡ್ರಿ, ಬ್ಯಾಡನ್ನೂದಿಲ್ಲ, ಪೇಡಾಕ್ಕ ಯಾರು ಬ್ಯಾಡ ಅಂತಾರ. ಆದ್ರ ಭಾಷಣದಾಗ ‘ಒಳ್ಳೆ ಆಟಗಾರ, ಒಳ್ಳೆ ಮನುಷ್ಯಾ’ ಅಂತ ಮುಗಸಬ್ಯಾಡ್ರಿ, ಅದನ್ನ ಯಾರಿಗೆ ಬೇಕಾದ್ರೂ ಹೇಳಬಹುದು. ಟೀಮಿನ ಒಬ್ಬೊಬ್ಬರೂ ಅವನ ಒಂದು ಪಾಸ್ ಹೇಳ್ರಿ, ಯಾವ ಮ್ಯಾಚು, ಎಲ್ಲಿ ನಿಂತಿದ್ದೆ, ಬಾಲ್ ಹೆಂಗ ಬಂತು, ನಾ ಹಾಕಿದ್ನೋ ಮಿಸ್ ಮಾಡಿದ್ನೋ. ಮಿಸ್ ಆಗಿದ್ದನ್ನೂ ಹೇಳ್ರಿ, ಪಾಸ್ ಚಲೋನ ಇತ್ತಲ್ಲ. ಸೆಂಟರ್ ಆಡೂ ಹುಡುಗ ಮೊದಲ ಮಾತಾಡಲಿ, ಪಾಯಿಂಟ್ ಗಾರ್ಡ್‌ನ ಸಾಲ ಭಾಳ ಇರೂದು ಅವನ ತಲಿ ಮ್ಯಾಲೆ.

ಗಣಪತಿ ಹಬ್ಬಕ್ಕ ಎಲ್ಲಾರೂ ಊರಿಗೆ ಬರ್ತಾರ, ಆವಾಗ ಹಳೇಯವರು ವರ್ಸಸ್ ಹೊಸಬರು ಅಂತ ಒಂದು ಮ್ಯಾಚ್ ಇಡ್ರಿ. ಅವನ್ನ ಚೀಫ್ ಗೆಸ್ಟ್ ಮಾಡಿ ಕುರ್ಚಿ ಮ್ಯಾಲೆ ಕುಂದ್ರಸಬ್ಯಾಡ್ರಿ, ಆಡಸ್ರಿ, ಮ್ಯಾಚ್ ಮುಗಿದ ಮ್ಯಾಲೆ ಹೊಸಾ ಪಾಯಿಂಟ್ ಗಾರ್ಡ್‌ನ ಜೊತಿ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ಮುಂದಿಟ್ಟು ಇಬ್ಬರನ್ನ ಬಿಟ್ಟುಬಿಡ್ರಿ, ಎದುರಿನವರು ಕೋರ್ಟ್ ತುಂಬ ಮುತ್ತಿಗಿ (ಪ್ರೆಸ್) ಹಾಕಿದಾಗ ಬಾಲ್ ಹೆಂಗ ದಾಟಸೂದು, ಯಾರ ಕೈಗೆ ಎಡಗಡೆ ಕೊಡಬೇಕು, ಯಾರಿಗೆ ಬೈದ್ರ ಆಡ್ತಾನ, ಯಾರಿಗೆ ಬೈದ್ರ ಮುನಿಸ್ಕೋತಾನ, ಇದೆಲ್ಲಾ ಕೋಚ್‌ಗಿಂತ ಅವಗ ಗೊತ್ತಿರ್ತೈತಿ.

ನಂಬರ್ ರಿಟೈರ್ ಮಾಡೂಣು, ಆ ನಂಬರಿನ ಜೆರ್ಸಿ ಮತ್ಯಾರಿಗೂ ಕೊಡೂದು ಬ್ಯಾಡ ಅಂತ ಯಾರರ ಒಬ್ಬ ಹೇಳೇ ಹೇಳ್ತಾನ. ಮೆಂಫಿಸ್‌ನವರು ರ‍್ಯಾಂಡಾಲ್ಫ್‌ನ 50, ಗಸೋಲ್‌ನ 33, ಟೋನಿ ಅಲೆನ್‌ನ 9 ಮ್ಯಾಲೆ ಏರಿಸ್ಯಾರ, ಕಾನ್ಲಿಯ 11ಕ್ಕೂ ಅವಾ ಹೋದಾಗನ ಮಾತು ಕೊಟ್ಟಾರ. ಅವರಿಗೆ ನಡೀತೈತಿ. ನಮ್ಮ ಕಡೆ ಸ್ಪಾನ್ಸರ್ ಕೊಡಿಸಿದ್ದು 4ರಿಂದ 15ರ ತನಕ 12 ಜೆರ್ಸಿ, ಒಂದು ತಗದಿಟ್ರ ಒಬ್ಬ ಹುಡುಗ ಬನಿಯನ್ ಮ್ಯಾಲೆ ಆಡಬೇಕಾಗ್ತೈತಿ. ಜೆರ್ಸಿ ಒಗದು ಇಸ್ತ್ರಿ ಮಾಡಿ ಮುಂದಿನ ಪಾಯಿಂಟ್ ಗಾರ್ಡ್‌ಗ ಕೊಡ್ರಿ, ಕೊಡೂಮುಂದ ಹಳೇಯವಗ ಒಂದು ಫೋನ್ ಹಚ್ಚಿ ಯಾರ ಮೈಮ್ಯಾಲೆ ಹೊಂಟೇತಿ ಅಂತ ಹೇಳ್ರಿ.